ಸಿಖ್ಖರ ಭಕ್ತಿಪದ ಶಬದ್ ಕಲಿಯಬೇಕು ಅಂತಾಳೆ ಮಹಡಿ ಮನೆ ಹುಡುಗಿ. ಹಿಂದುಸ್ತಾನಿ ಖಯಾಲ್ ಕಲಿಸುವ ನಾನು ಹೇಗೆ ಕಲಿಸಲಿ?

ಮಾಳಮಡ್ಡಿ ಅಕ್ಕೋರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಧಾರವಾಡದ ಮಾಳಮಡ್ಡಿಯಲ್ಲಿ ಮನೆಯಲ್ಲೇ ಗಾಯನದ ಕ್ಲಾಸ್ ನಡೆಸುತ್ತೇನೆ. ಹಿಂದುಸ್ತಾನಿ, ಕಿರಾಣಾ ಬಾಣಿ. ಜೂನ್‌ನಲ್ಲಿ ನಮ್ಮ ಮಹಡಿ ಮನೆಗೆ ಒಂದು ಸಿಖ್ ಕುಟುಂಬ ಬಾಡಿಗೆಗೆ ಬಂತು. ಯಜಮಾನರು ರೈಲ್ವೆಯಲ್ಲಿದ್ದಾರೆ, ದಿನಾ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ. ಜೊತೆಗೆ ಹೆಂಡತಿ, ಅವರ ಅತ್ತೆ, ಮತ್ತೆ ಒಂಬತ್ತನೇ ಇಯತ್ತೆಯ ಮಗಳು.

ಈ ಹುಡುಗಿಗೆ ಕಿವಿ ಚೆನ್ನಾಗಿದೆ. ಕ್ಲಾಸ್ ನಡೆಯುವಾಗ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಒಳಗೆ ಬಾ ಅಂದರೆ ನಾಚಿಕೆ. ಕೊನೆಗೆ ಅವರಮ್ಮನೇ ಗೋಧಿ ಹಿಟ್ಟಿನ ಶಿರಾ ಬಟ್ಟಲು ಹಿಡಿದು ಬಂದು ವಿಷಯ ಹೇಳಿದರು. ಮಗಳು ಶಬದ್ ಕೀರ್ತನ ಕಲಿಯಬೇಕು, ಸಿನಿಮಾ ಧಾಟಿಯಲ್ಲಿ ಅಲ್ಲ, ತಮ್ಮ ಧರ್ಮಗ್ರಂಥವಾದ ಗ್ರಂಥ ಸಾಹಿಬ್‌ನಲ್ಲಿ ಯಾವ ರಾಗ ಹೇಳಿದೆಯೋ ಅದೇ ರಾಗದಲ್ಲಿ. ಈಗ ಲೂಧಿಯಾನಾದ ಒಬ್ಬ ಮಾಸ್ತರರ ಹತ್ತಿರ ಮೊಬೈಲ್‌ನಲ್ಲಿ ಕಲಿಯುತ್ತಿದ್ದಾಳೆ. ಪಾಠವೇನೋ ಒಳ್ಳೆಯದು. ಆದರೆ ನೆಟ್‌ವರ್ಕ್ ಮಧ್ಯೆ ಕೂತಿದೆಯಲ್ಲ! ಅವರು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದಿರುತ್ತಾರೆ, ಇವಳು ಇನ್ನೂ ಹದಿಮೂರನೇ ಮಾತ್ರೆಯಲ್ಲಿ ಇರುತ್ತಾಳೆ. ಹಾಗಾಗಿ ಕಂಠ, ಶ್ರುತಿ, ಲಯ ಇದನ್ನೆಲ್ಲ ನಾನು ಎದುರಿಗೆ ಕೂರಿಸಿಕೊಂಡು ನೋಡಿಕೊಳ್ಳಬೇಕು ಅಂತ ಅವರ ಆಸೆ.

ಒಪ್ಪಿಕೊಂಡೆ. ಪಲಟಾ, ಸರಗಮ್ ಅಂತ ಸ್ವರಾಭ್ಯಾಸದ ತನಕ ಏನೂ ತೊಂದರೆ ಇರಲಿಲ್ಲ. ಶಬದ್‌ಗೆ ಕೈ ಹಚ್ಚಿದ ಮೇಲೆ ಪ್ರಶ್ನೆಗಳು ಶುರುವಾದವು.

ಮೊದಲನೆಯದು, ಅವಳ ಪುಸ್ತಕದಲ್ಲಿ ಪ್ರತಿ ಪದದ ಮೇಲೂ ರಾಗದ ಹೆಸರು, ಆಮೇಲೆ ‘ಮಹಲಾ’ ಅಂತ ಒಂದು ಅಂಕಿ, ‘ಘರ್’ ಅಂತ ಇನ್ನೊಂದು ಅಂಕಿ. ಕೆಲವು ರಾಗ ನಮ್ಮವೇ: ತೋಡಿ, ಭೈರವ್, ಕೇದಾರ, ಸಾರಂಗ, ಜೈಜೈವಂತಿ. ಮಾಝ್, ತುಖಾರಿ ಅಂತೆಲ್ಲ ಇವೆ, ನನ್ನ ಗುರುಗಳ ಬಾಯಲ್ಲಿ ಒಮ್ಮೆಯೂ ಕೇಳಿದ್ದಿಲ್ಲ. ಹೆಸರು ಒಂದೇ ಇದ್ದರೆ ರಾಗವೂ ಒಂದೇ ಅಂತ ಹಿಡಿಯಬಹುದಾ?

ಎರಡನೆಯದು ಅಜ್ಜಿ ಹೇಳಿದ ಮಾತು. ಕಿರಾಣಾದಲ್ಲಿ ನಮಗೆ ಸ್ವರವೇ ದೊಡ್ಡದು. ಸಾಹಿತ್ಯವನ್ನು ಹಿಗ್ಗಿಸುತ್ತೇವೆ, ಒಂದೇ ಅಕ್ಷರದ ಮೇಲೆ ಎಷ್ಟೋ ಹೊತ್ತು ನಿಲ್ಲುತ್ತೇವೆ. ಹುಡುಗಿ ಅದೇ ರೀತಿ ಒಂದು ಸಾಲು ಹಾಡಿದಳು. ಅಜ್ಜಿ ಪೂರ್ತಿ ಕೇಳಿ, “ಸ್ವರ ಕೇಳಿಸಿತು ಮಗಳೇ, ಶಬದ್ ಕೇಳಿಸಲಿಲ್ಲ” ಅಂದರು. ನನಗೆ ಬೇಜಾರಾಗಲಿಲ್ಲ, ಆದರೆ ತಲೆಯಲ್ಲಿ ಕೂತುಬಿಟ್ಟಿತು.

ಹಾರ್ಮೋನಿಯಂ ಬಗ್ಗೆಯೂ ಗೊಂದಲ. ಅದನ್ನು ಅಮೃತಸರದಲ್ಲಿ ತೆಗೆಯುತ್ತಾರಂತೆ ಅಂತ ಹುಡುಗಿ ಹೇಳುತ್ತಾಳೆ. ನಿಜವಾ? ನನ್ನ ಕ್ಲಾಸ್ ನಡೆಯುವುದೇ ಹಾರ್ಮೋನಿಯಂ ಮೇಲೆ.

ಇನ್ನು ನನ್ನ ಕೋಣೆ. ಗೋಡೆ ಮೇಲೆ ಸರಸ್ವತಿ, ಎಲ್ಲಮ್ಮ, ನಮ್ಮ ಗುರುಗಳ ಫೋಟೋ ಇವೆ. ಅದರ ಕೆಳಗೆ ಕೂತು ಅವರ ಗುರುಬಾನಿ, ಅಂದರೆ ಗ್ರಂಥದ ಪದ ಹಾಡುವುದು ಅವರಿಗೆ ಮುಜುಗರವಾ? ಕೇಳಿದರೆ “ಪರವಾಗಿಲ್ಲ ಜೀ” ಅಂತಾರೆ. ಬಾಡಿಗೆ ಮನೆಯವರು ಮಾಲಕಳಿಗೆ ಬೇರೇನು ಹೇಳುತ್ತಾರೆ ಹೇಳಿ!

ವಚನ ಕಲಿಸುತ್ತೇನೆ, ದಾಸರ ಪದ ಕಲಿಸುತ್ತೇನೆ. ಅವು ನಮ್ಮ ಮನೆಯವು. ಹೆಚ್ಚುಕಡಿಮೆ ಆದರೆ ಬೈಯಲು ನಮ್ಮವರೇ ಇದ್ದಾರೆ. ಇದು ಬೇರೆಯವರ ಪೂಜೆ. ಗೊತ್ತಿದ್ದವರು ಹೇಳಿ.

---

ಗದಗ ಠೇಕಾ ಉತ್ತರ:

ಅಕ್ಕೋರೆ, ಶರಣು. ನಾನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿತವನು. ಕಣ್ಣು ಕಾಣುವುದಿಲ್ಲ. ಫೋನು ಓದಿ ಹೇಳುತ್ತದೆ, ನಾನು ಮಾತಾಡಿ ಬರೆಸುತ್ತೇನೆ. ಅಕ್ಷರ ತಪ್ಪಿದ್ದರೆ ಫೋನನ್ನು ಬೈಯಿರಿ.

ನೀವು ಇಷ್ಟು ಹೆದರುವುದೇಕೆ? ನಮ್ಮ ಗದಗಿನ ಹುಡುಗ ಭೀಮಸೇನ ಜೋಶಿ ಗುರು ಬೇಕು ಅಂತ ಮನೆ ಬಿಟ್ಟು ಓಡಿಹೋದಾಗ, ಗ್ವಾಲಿಯರ್ ಅದು ಇದು ಸುತ್ತಿ ಜಲಂಧರ್ ಮುಟ್ಟಿದರು. ಅಲ್ಲಿ ಭಕ್ತ ಮಂಗತ್‌ರಾಮ್ ಅಂತ ಧ್ರುಪದ್ ಗಾಯಕರು, ಅವರಿಗೂ ಕಣ್ಣಿರಲಿಲ್ಲ, ಅವರ ಹತ್ತಿರ ಕಲಿತರು. ಜಲಂಧರ್‌ನಲ್ಲಿ 1875ರಿಂದ ಹರಿವಲ್ಲಭ ಸಂಗೀತ ಮೇಳ ನಡೆದುಬಂದಿದೆ. ಅಲ್ಲಿ ಹಾಡಲು ಬಂದ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ನೋಡಿ, ನಿಮ್ಮ ಕಡೆಯೇ ಸವಾಯಿ ಗಂಧರ್ವರು ಇದ್ದಾರಲ್ಲ, ಅವರ ಹತ್ತಿರ ಹೋಗು ಅಂತ ಬುದ್ಧಿ ಹೇಳಿದರು. ಹಾಗೆ ಕುಂದಗೋಳಕ್ಕೆ ಬಂದರು. ಪಂಜಾಬಿನವರು ನಮ್ಮ ಹುಡುಗನಿಗೆ ಕಲಿಸುವಾಗ ನಿನ್ನ ದೇವರು ಯಾರು ಅಂತ ಕೇಳಿರಲಿಕ್ಕಿಲ್ಲ. ರಾಗ ಅಂದರೆ ರಾಗ. ಕಲಿಸಿ.

ನನ್ನದೊಂದು ಸಲಹೆ. ನಾಮದೇವರ ಪದದಿಂದ ಶುರು ಮಾಡಿ. ಹೌದು, ಪಂಢರಪುರದ ವಿಠ್ಠಲನ ನಾಮದೇವರೇ. ಅವರ 61 ಪದಗಳು ಗ್ರಂಥ ಸಾಹಿಬ್‌ನಲ್ಲಿವೆ. ಪಂಜಾಬಿನ ಘುಮಾನ್ ಎಂಬ ಊರಲ್ಲಿ ಅವರ ನೆನಪನ್ನು ಈಗಲೂ ಉಳಿಸಿಕೊಂಡಿದ್ದಾರೆ. ಅವರದು ತಿಲಂಗ್ ರಾಗದಲ್ಲಿ ಒಂದು ಪದವಿದೆ. ನಾನು ಕುರುಡ, ನಿನ್ನ ನಾಮವೇ ನನಗೆ ಊರುಗೋಲು ಅನ್ನುತ್ತಾರೆ, ಆಮೇಲೆ ಅದೇ ದೇವರನ್ನು ಕರೀಮ, ರಹೀಮ, ಅಲ್ಲಾ ಅಂತ ಕರೆಯುತ್ತಾರೆ. ತಿಲಂಗ್ ನಿಮಗೆ ಬಾಯಿಪಾಠ. ಆಷಾಢದಲ್ಲಿ ದಿಂಡಿ ಹೋಗುವ ಜನ ನಾವು, ನಾಮದೇವರು ಪರಕೀಯರೇ? (ಈ ಪದ ನನಗೆ ಯಾಕೆ ಇಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ.)

ತಾಳದ ವಿಷಯ. ಅವರಲ್ಲಿ ಪಡತಾಲ್ ಅಂತ ಇದೆ. ಒಂದೇ ಶಬದ್ ಒಳಗೆ ತಾಳ ಬದಲಾಗುತ್ತ ಹೋಗುತ್ತದೆ. ಅದಕ್ಕೆ ಈಗಲೇ ಹೋಗಬೇಡಿ. ತೀನ್‌ತಾಲ್, ಏಕ್‌ತಾಲ್ ಗಟ್ಟಿಯಾಗಲಿ.

---

ಬೀದರಿನವ ಹುಬ್ಬಳ್ಳಿಯಾಗ ಉತ್ತರ:

ಠೇಕಾ ಅವರೇ, ರಾಗ ಅಂದರೆ ರಾಗ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಸಿಖ್ ಅಲ್ಲ. ಬೀದರ್‌ನವನು, ನಾನಕ್ ಝಿರಾ ಗುರುದ್ವಾರದ ಹತ್ತಿರ ಬೆಳೆದವನು. ಓದಿದ್ದು ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಪರೀಕ್ಷೆ ಹಿಂದಿನ ದಿನ ಗುರುದ್ವಾರದಲ್ಲಿ ಹೋಗಿ ಕೂರುತ್ತಿದ್ದೆವು. ಭಕ್ತಿ ಎಷ್ಟಿತ್ತೋ ಗೊತ್ತಿಲ್ಲ, ಲಂಗರ್‌ನ (ಅಲ್ಲಿಯ ಅನ್ನದಾಸೋಹ) ದಾಲ್ ರೊಟ್ಟಿ ಅಂತೂ ಪಕ್ಕಾ ಇತ್ತು. ಕೂತು ಕೂತು ಕೀರ್ತನ ಕಿವಿಗೆ ಬಿತ್ತು, ಆಮೇಲೆ ಕೇಳಿ ಕೇಳಿ ತಿಳಿದುಕೊಂಡೆ.

ಅಕ್ಕೋರ ಅಂಕಿಗಳ ಪ್ರಶ್ನೆಗೆ ಉತ್ತರ: ಗ್ರಂಥದಲ್ಲಿ ಆರು ಗುರುಗಳ ರಚನೆಗಳಿವೆ. ಎಲ್ಲರೂ ಅಂಕಿತ ಹಾಕುವುದು ‘ನಾನಕ’ ಅಂತಲೇ. ಹಾಗಾದರೆ ಯಾರದು ಯಾವುದು? ಅದನ್ನು ಹೇಳುವುದೇ ಮಹಲಾ. ಮಹಲಾ 1 ಅಂದರೆ ಗುರುನಾನಕರು, 2 ಅಂಗದರು, 3 ಅಮರದಾಸರು, 4 ರಾಮದಾಸರು, 5 ಅರ್ಜನರು, 9 ತೇಗ್ ಬಹಾದ್ದೂರರು. ನಮ್ಮಲ್ಲಿ ಒಬ್ಬೊಬ್ಬ ಶರಣರಿಗೆ, ದಾಸರಿಗೆ ಬೇರೆ ಬೇರೆ ಅಂಕಿತ. ಅವರಲ್ಲಿ ಎಲ್ಲರಿಗೂ ಒಂದೇ ಅಂಕಿತ, ಬೇರೆ ಅಂಕಿ. ಘರ್ 1ರಿಂದ 17ರವರೆಗೆ ಬರುತ್ತದೆ. ಅದು ತಾಳದ ಸೂಚನೆ ಅಂತ ಕೆಲವರು, ಸ್ವರಕ್ಕೆ ಸಂಬಂಧಿಸಿದ್ದು ಅಂತ ಕೆಲವರು. ವಿದ್ವಾಂಸರಲ್ಲೇ ಜಗಳ ಇದೆ, ನೀವು ತಲೆ ಕೆಡಿಸಿಕೊಳ್ಳಬೇಡಿ.

ನೀವು ನೋಡಬೇಕಾದ್ದು ‘ರಹಾವು’ ಅಂತ ಬರೆದ ಸಾಲು. ಅದು ಶಬದ್‌ನ ತಿರುಳು. ನಿಮ್ಮ ಸ್ಥಾಯಿ, ಅಂದರೆ ಪಲ್ಲವಿ, ಅದೇ ಆಗಬೇಕು. ಪುಸ್ತಕದಲ್ಲಿ ಅದು ಸಾಮಾನ್ಯವಾಗಿ ಎರಡನೇ ಜಾಗದಲ್ಲಿ ಬರುತ್ತದೆ, ಮೊದಲ ಸಾಲಿನಲ್ಲಿ ಅಲ್ಲ. ಹೊಸಬರು ಮೊದಲ ಸಾಲನ್ನೇ ಪಲ್ಲವಿ ಮಾಡಿಕೊಂಡುಬಿಡುತ್ತಾರೆ. ಅಜ್ಜಿಗೆ ಶಬದ್ ಕೇಳಿಸಲಿಲ್ಲ ಅಂದರೆ ಇದನ್ನೂ ಒಮ್ಮೆ ನೋಡಿ.

ಈಗ ರಾಗ. 1604ರಲ್ಲಿ ಗುರು ಅರ್ಜನರು ಗ್ರಂಥ ಕಟ್ಟಿದಾಗ ವಿಷಯದ ಪ್ರಕಾರ ಜೋಡಿಸಲಿಲ್ಲ, ರಾಗದ ಪ್ರಕಾರ ಜೋಡಿಸಿದರು. ಗುರುನಾನಕರು ಬಳಸಿದ್ದು 19 ರಾಗ. ನಾಲ್ಕನೇ ಗುರು 11 ಸೇರಿಸಿದರು. ಒಂಬತ್ತನೇ ಗುರುವಿನಿಂದ ಜೈಜೈವಂತಿ ಬಂದು 31 ಆಯಿತು. ಗ್ರಂಥ ಒಟ್ಟು 1430 ಪುಟ, ಎಲ್ಲಿ ಅಚ್ಚಾದರೂ ಅದೇ ಪುಟಕ್ಕೆ ಅದೇ ಸಾಲು. ಮೊದಲ 13 ಪುಟ ನಿತ್ಯಪಾಠ, 14ರಿಂದ ಶ್ರೀರಾಗ. ಹಾಗಾಗಿ ಅವರಿಗೆ ರಾಗ ಅಂದರೆ ಧಾಟಿ ಅಷ್ಟೇ ಅಲ್ಲ, ಗ್ರಂಥದ ಅಧ್ಯಾಯವೇ ರಾಗ.

ಮಾಝ್ ಪಂಜಾಬಿನ ಮಣ್ಣಿನ ರಾಗ, ನಿಮ್ಮ ಗುರುಗಳಿಗೆ ಗೊತ್ತಿರದಿದ್ದರೆ ಆಶ್ಚರ್ಯವಿಲ್ಲ. ಆಸಾ ಕೂಡ ಹಾಗೇ. ಬಿಲಾವಲ್ ಥಾಟ್: ಏರುವಾಗ ಸ ರಿ ಮ ಪ ಧ ಸ, ಇಳಿಯುವಾಗ ಏಳೂ ಸ್ವರ. ಗುರುದ್ವಾರಗಳಲ್ಲಿ ಬೆಳಗಿನ ಜಾವ ಆಸಾ ದಿ ವಾರ್ ಅನ್ನುವ ಪದಮಾಲೆ ಹಾಡುವುದು ಇದರಲ್ಲೇ. ಗೌಡಿ ಅಂತೂ ಒಂದು ದೊಡ್ಡ ಮನೆತನ: ಗೌಡಿ ಗುಆರೇರಿ, ಗೌಡಿ ಚೇತಿ, ಗೌಡಿ ಬೈರಾಗಣ್, ಗೌಡಿ ಪೂರ್ಬಿ... ಹೆಸರು ಪರಿಚಯದ್ದು ಅಂತ ನಮ್ಮ ಗೌರಿ ಹಾಡಿದರೆ ಆಗುವುದಿಲ್ಲ. ಈ 31ನ್ನೂ ಒಂದು ಕಡೆ ಗಟ್ಟಿ ಮಾಡಬೇಕು ಅಂತಲೇ 1991ರಲ್ಲಿ ಲೂಧಿಯಾನಾದ ಜವದ್ದಿ ಟಕ್ಸಾಲ್‌ನಲ್ಲಿ ದೊಡ್ಡ ಸಮ್ಮೇಳನ ಮಾಡಿದರು. ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಗುರ್ಮತ್ ಸಂಗೀತಕ್ಕೆ ಬೇರೆ ವಿಭಾಗವೇ ಇದೆ. ರಾಗದ ಚಲನ್ (ನಡೆ) ಲೂಧಿಯಾನಾ ಮಾಸ್ತರರಿಂದ ಬರಲಿ, ಕಂಠ ನಿಮ್ಮಿಂದ ಬರಲಿ.

ರಜೆಯಲ್ಲಿ ಅವರನ್ನು ಬೀದರ್‌ಗೆ ಕರೆದುಕೊಂಡು ಹೋಗಿ. ಗುರುನಾನಕರು ದಕ್ಷಿಣಕ್ಕೆ ಬಂದಾಗ ಅಲ್ಲಿ ಸಿಹಿನೀರಿನ ಝರಿ ಹುಟ್ಟಿತು ಅಂತ ನಂಬಿಕೆ, ನೀರು ಈಗಲೂ ಹರಿಯುತ್ತದೆ. 1699ರಲ್ಲಿ ಆನಂದಪುರದಲ್ಲಿ ಹತ್ತನೇ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರ್‌ನವರು, ಕ್ಷೌರಿಕರ ಮನೆಯವರು ಅಂತ ಸಿಖ್ಖರೇ ಹೇಳುತ್ತಾರೆ. ಈ ಹುಡುಗಿಗೆ ಕರ್ನಾಟಕ ಪರಊರಲ್ಲ ಅಂತ ಅನಿಸಲು ಅಷ್ಟು ಸಾಕು. ಕಾಯಕ, ದಾಸೋಹ ಗೊತ್ತಿರುವ ನಮಗೂ ಅವರ ‘ಕಿರತ್ ಕರೋ, ವಂಡ್ ಛಕೋ’ ಹೊಸದೇನಲ್ಲ. ದುಡಿ, ಹಂಚಿ ತಿನ್ನು. ಎರಡೂ ಒಂದೇ.

---

ಹಾವೇರಿ ಏಲಕ್ಕಿ ಉತ್ತರ:

ಎಲ್ಲ ಒಂದೇ ಅನ್ನುವವರಿಗೆ ಒಂದು ಮಾತು. ಶರಣರೂ ಜಾತಿ ಬೇಡ ಅಂದರು, ಗುರುಗಳೂ ಅಂದರು, ಸರಿ. ಆದರೆ ಅವರಿಗೆ ಗ್ರಂಥವೇ ಗುರು. 1708ರಲ್ಲಿ ನಾಂದೇಡ್‌ನಲ್ಲಿ ಹತ್ತನೇ ಗುರು ಹಾಗೆ ಹೇಳಿ ಹೋದ ಮೇಲೆ ಮನುಷ್ಯ ಗುರು ಇಲ್ಲ. ನಮಗೆ ಮಠ, ಸ್ವಾಮಿಗಳು, ಇಷ್ಟಲಿಂಗ. ಬೇರೆ ದಾರಿ. ಯಾರಾದರೂ ತಮ್ಮ ಧರ್ಮದ ಬಗ್ಗೆ ಬಾಯಿ ತೆರೆದ ಕೂಡಲೇ “ನಮ್ಮ ಬಸವಣ್ಣನೂ ಅದನ್ನೇ ಹೇಳಿದ” ಅಂತ ಬಾಯಿ ಮುಚ್ಚಿಸಬೇಡಿ. ಹುಡುಗಿ ತನ್ನದನ್ನು ತಾನೇ ಹೇಳಲಿ.

---

ಕೇಶ್ವಾಪುರ ಕೌರ್ ಉತ್ತರ:

ಏಲಕ್ಕಿ ಅವರೇ, ಥ್ಯಾಂಕ್ಸ್. ಆದರೆ ಬೀದರ್ ಅಣ್ಣನ್ನ ಅಷ್ಟು ಬೈಯಬೇಡಿ. ನಾನು ಶಾಲೆಯಲ್ಲಿ ಗೆಳತಿಯರಿಗೆ ಲಂಗರ್ ಅಂದರೇನು ಅಂತ ಹೇಳುತ್ತಿದ್ದುದೇ “ಸಿದ್ಧಾರೂಢ ಮಠದಲ್ಲಿ ಪ್ರಸಾದ ಕೊಡ್ತಾರಲ್ಲ, ಹಂಗ” ಅಂತ. ಬೇಗ ತಿಳಿಯುತ್ತಿತ್ತು.

ನಾನು ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಸಿಖ್. ಅಜ್ಜ ದೇಶ ಒಡೆದ ಮೇಲೆ ಅಲ್ಲಿ ಇಲ್ಲಿ ಅಲೆದು ಇಲ್ಲಿಗೆ ಬಂದು ಲಾರಿ ಸಾಮಾನಿನ ಅಂಗಡಿ ಇಟ್ಟರು. ನಮ್ಮ ಮನೆಯಲ್ಲಿ ಮಾತು ಪಂಜಾಬಿ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಪಂಜಾಬಿ ಬರೆಯುವ ಗುರುಮುಖಿ ಅಕ್ಷರ ಕಲಿಸುವವರು ಯಾರೂ ಇರಲಿಲ್ಲ. ನಾನು ಜಪ್‌ಜೀ (ನಮ್ಮ ಬೆಳಗಿನ ಪ್ರಾರ್ಥನೆ) ಕಲಿತದ್ದು ಕನ್ನಡ ಅಕ್ಷರದಲ್ಲಿ ಬರೆದುಕೊಂಡು. ಆ ನೋಟ್‌ಬುಕ್ ಈಗಲೂ ಇದೆ. ದೊಡ್ಡವಳಾದ ಮೇಲೆ ಮೊಬೈಲ್ ಆ್ಯಪ್‌ನಲ್ಲಿ ಗುರುಮುಖಿ ಕಲಿತೆ. ಈಗ ನನ್ನ ಮಗ ಬೆಳಿಗ್ಗೆ ಅಮೃತಸರದ ಸ್ವರ್ಣಮಂದಿರ, ಅಂದರೆ ದರ್ಬಾರ್ ಸಾಹಿಬ್‌ನ ಕೀರ್ತನವನ್ನು ಯೂಟ್ಯೂಬ್‌ನಲ್ಲಿ ಹಚ್ಚಿಕೊಂಡು ಬೂಟು ಪಾಲಿಶ್ ಮಾಡುತ್ತಾನೆ. 2023ರಿಂದ ಗುರುದ್ವಾರಗಳ ಆಡಳಿತ ಸಮಿತಿ ಎಸ್‌ಜಿಪಿಸಿಯೇ ತನ್ನ ಚಾನೆಲ್ ಮಾಡಿಕೊಂಡಿದೆ. ನಾನು ಇಡೀ ಬಾಲ್ಯದಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಅವನು ಒಂದು ವರ್ಷದಲ್ಲಿ ಕೇಳಿದ್ದಾನೆ. ಆದರೆ ಪಕ್ಕದಲ್ಲಿ ಕೂತು “ಇಲ್ಲಿ ಶ್ರುತಿ ಇಳಿಯಿತು ನೋಡು” ಅನ್ನುವವರು ಆ ಪೆಟ್ಟಿಗೆಯಲ್ಲಿಲ್ಲ. ಅದಕ್ಕೇ ಆ ತಾಯಿ ನಿಮ್ಮ ಬಾಗಿಲಿಗೆ ಬಂದಿದ್ದು ಅಕ್ಕೋರೆ.

ಈಗ ನಿಮ್ಮ ಪ್ರಶ್ನೆಗಳು. ಫೋಟೋ ತೆಗೆಯಬೇಡಿ. ಅದು ನಿಮ್ಮ ಮನೆ, ನಿಮ್ಮ ಗುರುಗಳು. ಅವಳು ಸರಸ್ವತಿಗೆ ಕೈ ಮುಗಿಯಬೇಕು, ದೀಪ ಹಚ್ಚಬೇಕು ಅಂತ ಒತ್ತಾಯ ಮಾಡದಿದ್ದರೆ ಸಾಕು. ಗುರುಬಾನಿ ಹಾಡುವಾಗ ತಲೆ ಮೇಲೆ ಬಟ್ಟೆ ಇರಬೇಕು, ಅದು ಅವಳಿಗೆ ಗೊತ್ತಿರುತ್ತದೆ. ನೀವೂ ಸೆರಗು ಹೊದ್ದುಕೊಂಡರೆ ಅಜ್ಜಿಗೆ ಖುಷಿಯಾಗುತ್ತದೆ. ಬಾನಿಯ ಪುಸ್ತಕ ನೆಲದ ಮೇಲೆ, ಚಾಪೆ ಮೇಲೆ ಬೇಡ. ಒಂದು ಸಣ್ಣ ಮಣೆ, ಅದರ ಮೇಲೆ ಶುಭ್ರ ಬಟ್ಟೆ ಇಡಿ. ಸ್ವರಲಿಪಿಗೆ ಬೇರೆ ನೋಟ್‌ಬುಕ್ ಮಾಡಿ. ಅದರಲ್ಲಿ ಗೀಚಬಹುದು, ಹೊಡೆದು ಹಾಕಬಹುದು. ಬಾನಿ ಬರೆದ ಹಾಳೆಯನ್ನು ಹಾಗೆ ಮಾಡಲು ನಮಗೆ ಮನಸ್ಸು ಬರುವುದಿಲ್ಲ.

ಹಾಡುವ ರೀತಿಗೆ ನಮ್ಮಲ್ಲಿ ನಿಯಮವಿದೆ. ರಹತ್ ಮರ್ಯಾದಾ ಅಂತ 1945ರಲ್ಲಿ ಅಂತಿಮವಾಗಿದ್ದು. ಶಬದ್ ನಡುವೆ ನಮ್ಮ ಕಡೆಯಿಂದ ಮಾತು ಸೇರಿಸುವಂತಿಲ್ಲ. ಪಲ್ಲವಿಯಾಗಿ ತಿರುಗಿ ತಿರುಗಿ ಹಾಡುವ ಸಾಲು ಆ ಶಬದ್‌ನದ್ದೇ ಇರಬೇಕು. ಅಂದರೆ ‘ಅರೇ’, ‘ಹಾಂ’, ‘ಏರಿ’ ಇದೆಲ್ಲ ಬೇಡ. ಆಲಾಪ್‌ಗೆ ಅಡ್ಡಿಯಿಲ್ಲ, ಮೊದಲೇ ಮುಗಿಸಿಬಿಡಿ. ಪದ ಶುರುವಾದ ಮೇಲೆ ಪದವೇ ಮುಂದೆ ಇರಲಿ, ಗಂಟಲು ಹಿಂದೆ. ಇನ್ನೊಂದು, ಭಕ್ತರ ಸಭೆ ಸಂಗತ್‌ನಲ್ಲಿ ಕೀರ್ತನ ಮಾಡುವುದು ಸಿಖ್ಖರು ಮಾತ್ರ ಅಂತಲೂ ಅದರಲ್ಲಿದೆ. ಕಲಿಸುವುದಕ್ಕೆ ಅದು ಅಡ್ಡ ಬರುವುದಿಲ್ಲ. ಗುರುನಾನಕರ ಪಕ್ಕ ಕೂತು ರಬಾಬ್ ನುಡಿಸಿದ ಭಾಯಿ ಮರ್ದಾನಾ ಮುಸ್ಲಿಂ ಮನೆಯವರು. ರಬಾಬಿಗಳು ಅಂತ ಮುಸ್ಲಿಂ ಗಾಯಕರು 1947ರವರೆಗೂ ದರ್ಬಾರ್ ಸಾಹಿಬ್‌ನಲ್ಲೇ ಹಾಡುತ್ತಿದ್ದರು. ದೇಶ ಒಡೆಯಿತು, ಅವರು ಆ ಕಡೆ ಹೋದರು. ಅವರೊಂದಿಗೆ ಎಷ್ಟೋ ಹಳೆಯ ಧಾಟಿಗಳೂ ಹೋದವು ಅಂತ ನಮ್ಮ ಹಿರಿಯರು ಈಗಲೂ ಕೊರಗುತ್ತಾರೆ.

ಹಾರ್ಮೋನಿಯಂ ಸುದ್ದಿಗೆ ಆಧಾರವಿದೆ. 2022ರಲ್ಲಿ ನಮ್ಮ ದೊಡ್ಡ ಧರ್ಮಪೀಠ ಅಕಾಲ್ ತಖ್ತ್‌ನಿಂದ ಮಾತು ಬಂತು: ಮೂರು ವರ್ಷದಲ್ಲಿ ದರ್ಬಾರ್ ಸಾಹಿಬ್‌ನಲ್ಲಿ ಹಾರ್ಮೋನಿಯಂ ಕಡಿಮೆ ಮಾಡುತ್ತ ತಂತಿ ವಾದ್ಯ ತರಬೇಕು ಅಂತ. ರಬಾಬ್, ಸರಂದಾ, ತಾವೂಸ್ ಹಳೆಯವು, ಹಾರ್ಮೋನಿಯಂ ಬ್ರಿಟಿಷರ ಕಾಲದಲ್ಲಿ ಬಂದದ್ದು. ನಮ್ಮಲ್ಲೇ ಇದಕ್ಕೆ ಒಪ್ಪದವರಿದ್ದಾರೆ. ಊರೂರಿನ ಗುರುದ್ವಾರಗಳು ನಿಂತಿರುವುದೇ ಹಾರ್ಮೋನಿಯಂ ಮೇಲೆ. ನಿಮ್ಮ ಕ್ಲಾಸಿಗೆ ಯಾವ ಬಂಧನವೂ ಇಲ್ಲ.

ಒಂದು ವಿಷಯ ಹುಡುಗಿ ಮುಂದೆ ಒಂದು ದಿನ ಕೇಳಿಯೇ ಕೇಳುತ್ತಾಳೆ. ಬೇರೆ ಗುರುದ್ವಾರಗಳಲ್ಲಿ ಹೆಂಗಸರು ಕೀರ್ತನ ಮಾಡುತ್ತಾರೆ, ಆದರೆ ದರ್ಬಾರ್ ಸಾಹಿಬ್‌ನ ಒಳಗೆ ಕೂತು ಹಾಡುವ ರಾಗಿಗಳು (ಕೀರ್ತನಕಾರರು) ಗಂಡಸರೇ. ಬದಲಾಯಿಸಿ ಅಂತ 2019ರಲ್ಲಿ ಪಂಜಾಬ್ ವಿಧಾನಸಭೆಯೇ ನಿರ್ಣಯ ಮಾಡಿ ಕೇಳಿತು. ನಾನೂ ಕೇಳುವವಳೇ. ರಹತ್ ಮರ್ಯಾದೆಯಲ್ಲಿ ‘ಸಿಖ್ಖರು’ ಅಂತಿದೆ, ‘ಗಂಡಸರು’ ಅಂತಿಲ್ಲ.

ಮತ್ತೆ ಫೀ ತೊಗೊಳ್ರಿ ಅಕ್ಕೋರೆ. ದೇವರ ಹಾಡು ಅಂತ ಬಿಡಬೇಡಿ. ದುಡಿದವರು ಉಣ್ಣಬೇಕು ಅನ್ನುವ ಜನ ನಾವು!

---

ಮಾಳಮಡ್ಡಿ ಅಕ್ಕೋರು ಉತ್ತರ:

ಎಲ್ಲರಿಗೂ ದೊಡ್ಡ ನಮಸ್ಕಾರ. ಕೌರ್ ತಂಗಿ, ಮಣೆ ಬಂತು. ಅಡುಗೆಮನೆಯಿಂದಲ್ಲ, ಹೊಸದು.

ರಹಾವು ಸಾಲಿನ ವಿಷಯ ಹುಡುಗಿಗೆ ಮೊದಲೇ ಗೊತ್ತಿತ್ತಂತೆ. “ಹೇಳಬಹುದಿತ್ತಲ್ಲೇ” ಅಂದೆ. “ನೀವು ಅಕ್ಕೋರು” ಅಂದಳು. ಈ ಮರ್ಯಾದೆಯೇ ಕಷ್ಟ. ಈಗ ಹೀಗೆ ಮಾಡಿಕೊಂಡಿದ್ದೇವೆ: ಪಾಠಕ್ಕೆ ಮೊದಲು ಅವಳು ಶಬದ್ ಓದಿ, ಅರ್ಥ ನನಗೆ ಹೇಳಬೇಕು, ಹಿಂದಿಯಲ್ಲೋ ಅವಳ ಹರಕು ಮುರುಕು ಕನ್ನಡದಲ್ಲೋ. ಆಮೇಲೆ ಶ್ರುತಿಗೆ ಕೂರುವುದು. ಕನ್ನಡವೂ ಸುಧಾರಿಸುತ್ತಿದೆ, ಅದು ಲಾಭಕ್ಕೆ ಲಾಭ.

ಠೇಕಾ ಅವರೇ, ನಾಮದೇವರ ತಿಲಂಗ್ ಹಿಡಿದಿದ್ದೇವೆ. ಪದ ಒಡೆಯದೆ ಹಾಡುವುದು ನನಗೇ ಹೊಸ ಶಿಸ್ತು. ಆಲಾಪದಲ್ಲಿ ಎಲ್ಲ ಆಸೆ ತೀರಿಸಿಕೊಂಡು, ಪದ ಬಂದ ಮೇಲೆ ಬಾಯಿ ಕಟ್ಟಿಕೊಂಡ ಹಾಗೆ ಆಗುತ್ತದೆ. ಆದರೆ ರಾಗ ಅಂದರೆ ರಾಗ ಅನ್ನುವ ನಿಮ್ಮ ಮಾತಿಗೆ ನನ್ನದೂ ತಕರಾರಿದೆ. ಆಸಾ ನನ್ನ ಬಾಯಲ್ಲಿ ದುರ್ಗಾ ಕಡೆ ಓಡುತ್ತದೆ. ಏರುವಾಗ ಸ್ವರ ಅವೇ ಅಲ್ವಾ! ಅದನ್ನು ಲೂಧಿಯಾನಾದವರಿಗೇ ಬಿಟ್ಟಿದ್ದೇನೆ. ಪಾಠ ಮುಗಿದ ಮೇಲೆ ಫೋನಿನಲ್ಲಿ ಅವರೂ ನಾನೂ ಮಾತಾಡುತ್ತೇವೆ. ಅವರು ಮಲ್ಲಿಕಾರ್ಜುನ ಮನ್ಸೂರರ ಭಕ್ತರು. ಧಾರವಾಡ ಅಂದ ಕೂಡಲೇ ಅರ್ಧ ಗಂಟೆ ಅವರದೇ ಮಾತು, ಹುಡುಗಿ ಪಾಪ ಆಕಳಿಸುತ್ತ ಕೂತಿರುತ್ತಾಳೆ.

ಅಜ್ಜಿ ಈಗ ಕುರ್ಚಿ ತಂದು ಬಾಗಿಲಲ್ಲೇ ಕೂರುತ್ತಾರೆ. ಉಚ್ಚಾರ ತಪ್ಪಿದರೆ ಅಲ್ಲಿಂದಲೇ ಕೂಗುತ್ತಾರೆ. ನನ್ನ ಬೇರೆ ಶಿಷ್ಯರಿಗೂ ಕೂಗುತ್ತಾರೆ, ಅವರು ಹಾಡುತ್ತಿರುವುದು ಪುರಂದರದಾಸರ ಪದ ಆದರೂ.

ಇನ್ನೊಂದು ಪ್ರಶ್ನೆ. ಹುಡುಗಿಗೆ ತಂತಿ ವಾದ್ಯ ಕಲಿಯುವ ಆಸೆ ಬಂದಿದೆ. ತಾವೂಸ್ ನವಿಲಿನ ಆಕಾರದ್ದು, ದೊಡ್ಡದು. ನಮ್ಮ ಮೆಟ್ಟಿಲಲ್ಲಿ ತಿರುಗುವುದಿಲ್ಲ. ದಿಲ್‌ರುಬಾ ಆದರೆ ಆದೀತು. ನನ್ನ ತಂಬೂರಿ ಮಿರಜದ್ದು. ಅಲ್ಲಿ ದಿಲ್‌ರುಬಾ ಮಾಡಿಕೊಡುವವರು ಇದ್ದಾರಾ, ಯಾರಿಗಾದರೂ ಗೊತ್ತಾ?

---

ಗದಗ ಠೇಕಾ ಉತ್ತರ:

ದುರ್ಗಾ ಮಾತು ಒಪ್ಪಿದೆ, ಸೋತೆ. ಮಿರಜದಲ್ಲಿ ತಂಬೂರಿ, ಸಿತಾರ್ ಮಾಡುವವರ ಓಣಿಯೇ ಇದೆ, ಅಲ್ಲಿ ವಿಚಾರಿಸಿ. ಫೋನ್ ಮೇಲೆ ಆರ್ಡರ್ ಕೊಡಬೇಡಿ. ಹುಡುಗಿಯನ್ನು ಕರೆದುಕೊಂಡೇ ಹೋಗಿ, ಕೈ ಅಳತೆ ನೋಡಿಸಬೇಕು. ಹುಬ್ಬಳ್ಳಿಯಿಂದ ರೈಲಿದೆ, ಅವರಪ್ಪನೂ ರೈಲ್ವೆಯವರು. ಹಳೆಯ ವಾದ್ಯ ರಿಪೇರಿ ಮಾಡಿ ಕೊಡುತ್ತೇವೆ ಅಂದರೆ ಮೊದಲು ಗೂಟ ತಿರುಗಿಸಿ ನೋಡಿ, ಜಾರುತ್ತಿದ್ದರೆ ತೊಗೊಳ್ಳಬೇಡಿ.